ಬಂಡೆ ಹಿಡಿಯುವ ಗೊರಸು

ಘಟ್ಟದ ಬೆಟ್ಟಗಳ ಕಾಡುಪ್ರಾಣಿ ನೀಲಗಿರಿ ಥಾರ್. ಹೆಸರು ಹೇಳಿದೊಡನೆ ಮಕ್ಕಳಿಗೆ ನೆನಪಾಗುವುದು ಜೀಪು, ಇಲ್ಲವೇ ರಾಜಸ್ಥಾನದ ಮರುಭೂಮಿ. ಅದಕ್ಕಿಂತ ತಮಿಳಿನ ಹೆಸರೇ ವಾಸಿ: ವರೈಯಾಡು. ವರೈ ಎಂದರೆ ಬೆಟ್ಟ. ಆಡು ನಮ್ಮ ಆಡೇ. ಹೆಸರಲ್ಲಿ ಆಡಿದ್ದರೂ ವಂಶವಾಹಿಯ ಲೆಕ್ಕದಲ್ಲಿ ಇದು ಕುರಿಗೆ ಹತ್ತಿರದ ನೆಂಟ.

‘ಅಳಿವಿನಂಚಿನ ಪ್ರಾಣಿ’ ಎಂದು ಪಾಠ ಶುರುಮಾಡಿದರೆ ಮಗು ಸಪ್ಪೆ ಮುಖ ಮಾಡಿ ಮರೆತುಬಿಡುತ್ತದೆ. ಗೊರಸಿನಿಂದ ಶುರುಮಾಡಿ. ಒಂದೇ ಅಳತೆಯ ಎರಡು ನೀರಿನ ಬಾಟಲಿ ಮುಚ್ಚಳ ತೆಗೆದುಕೊಳ್ಳಿ. ಒಂದರೊಳಗೆ ಪೆನ್ಸಿಲ್ ಅಳಿಸುವ ರಬ್ಬರಿನ ತುಂಡುಗಳನ್ನು ಬಿಗಿಯಾಗಿ ತುರುಕಿ. ಅಂಚಿನಿಂದ ಒಂದು ಮಿಲಿಮೀಟರ್‌ನಷ್ಟು ಹೊರಗೆ ಇಣುಕಬೇಕು. ಇನ್ನೊಂದು ಖಾಲಿ ಇರಲಿ. ಎರಡನ್ನೂ ಬೋರಲಾಗಿ ಪರೀಕ್ಷೆ ಪ್ಯಾಡಿನ ಮೇಲಿಟ್ಟು, ಬೆನ್ನಿಗೆ ಒಂದೊಂದು ನಾಣ್ಯ ಅಂಟಿಸಿ, ಪ್ಯಾಡಿನ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ಖಾಲಿ ಮುಚ್ಚಳ ಬೇಗ ಜಾರುತ್ತದೆ, ರಬ್ಬರಿನದು ಇನ್ನೂ ಮೇಲಕ್ಕೆತ್ತುವವರೆಗೆ ನಿಲ್ಲುತ್ತದೆ. ಎರಡೂ ಒಟ್ಟಿಗೆ ಜಾರಿದರೆ ಪ್ಯಾಡಿನ ಮೇಲೆ ಧೂಳಿದೆ, ಇಲ್ಲವೇ ರಬ್ಬರ್ ಅಂಚಿನೊಳಗೇ ಹುದುಗಿದೆ. ಥಾರಿನ ಗೊರಸೂ ಹೀಗೆಯೇ: ಸುತ್ತ ಗಟ್ಟಿ ಅಂಚು, ನಡುವೆ ರಬ್ಬರಿನಂಥ ಮೆತ್ತೆ. ಅಂಚು ಬಂಡೆಯ ಸಣ್ಣ ಉಬ್ಬಿಗೆ ಸಿಕ್ಕಿಕೊಳ್ಳುತ್ತದೆ, ಮೆತ್ತೆ ಜಾರದಂತೆ ಹಿಡಿಯುತ್ತದೆ. ನೂರು ಕಿಲೋ ತೂಗುವ ಗಂಡೂ ಈ ಕಾಲುಗಳನ್ನು ನಂಬಿಯೇ ಪ್ರಪಾತಕ್ಕೆ ಇಳಿಯುತ್ತದೆ.

ಇಳಿಯಲೇಬೇಕು. ಮೇಯುವುದು ಬೋಳುಗುಡ್ಡದ ಹುಲ್ಲಲ್ಲಿ. ಚಿರತೆಯೋ ಕೆನ್ನಾಯಿಯೋ ಕಂಡರೆ ದೂರ ಓಡದೆ ಪಕ್ಕದ ಕಡಿದಾದ ಬಂಡೆಗೆ ಹೋಗಿ ನಿಲ್ಲುತ್ತದೆ. ಹುಲ್ಲು, ಬಂಡೆ ಎರಡೂ ಅಕ್ಕಪಕ್ಕ ಇರಬೇಕು. ಕುದುರೆಮುಖದ ಬೆಟ್ಟ ನೋಡಿದ ಮಕ್ಕಳಿಗೆ ಈ ನೋಟ ಹೊಸದಲ್ಲ, ಆದರೆ ಈಗ ಥಾರ್ ಉಳಿದಿರುವುದು ಕೇರಳ, ತಮಿಳುನಾಡಿನ ಘಟ್ಟಗಳಲ್ಲಿ ಮಾತ್ರ. 2025ರಲ್ಲಿ ಎರಡೂ ರಾಜ್ಯಗಳು ಒಟ್ಟಿಗೆ ಎಣಿಸಿದಾಗ ಸಿಕ್ಕ ಲೆಕ್ಕ 2,668.

ಮಕ್ಕಳಿಗೆ ತಿಳಿಸಲು ಕಷ್ಟವಾಗುವ ಸಂಗತಿ ಬೇರೆಯೇ ಇದೆ. ಶಾಲೆಯಲ್ಲಿ ‘ಮರ ನೆಡಿ’ ಎಂದು ಕಲಿತವರಿಗೆ, ಇಲ್ಲಿ ಮರ ನೆಟ್ಟದ್ದೇ ತಪ್ಪಾಯಿತು ಎನ್ನಬೇಕು. ಹುಲ್ಲುಗಾವಲನ್ನು ಪಾಳುಭೂಮಿ ಎಂದುಕೊಂಡು ವಾಟಲ್, ಪೈನ್, ನೀಲಗಿರಿ ಮರ ಬೆಳೆಸಿದರು. ತಮಾಷೆ ನೋಡಿ, ನಾವು ನೀಲಗಿರಿ ಎಂದು ಕರೆಯುವ ಮರ ಬಂದದ್ದು ಆಸ್ಟ್ರೇಲಿಯಾದಿಂದ! ವಾಟಲ್ ಕೂಡ ಅಲ್ಲಿಯದೇ. ಅದರ ನೆರಳಲ್ಲಿ ಹುಲ್ಲು ಸಾಯುತ್ತದೆ. ಕಡಿದರೂ ಮುಗಿಯದು: ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು, ಬೆಂಕಿ ಬಿದ್ದೊಡನೆ ದಂಡಿಯಾಗಿ ಮೊಳೆಯುತ್ತದೆ. ಸಸಿಗಳನ್ನು ವರ್ಷವರ್ಷವೂ ಬೇರುಸಹಿತ ಕೀಳುತ್ತಿರಬೇಕು.

ಕಣ್ಣಾರೆ ತೋರಿಸಲು ಕೇರಳದ ಮುನ್ನಾರ್ ಬಳಿಯ ಎರವಿಕುಲಂ ರಾಷ್ಟ್ರೀಯ ಉದ್ಯಾನ ಒಳ್ಳೆಯ ಜಾಗ. ಮರಿ ಹಾಕುವ ಕಾಲವೆಂದು ಫೆಬ್ರವರಿ, ಮಾರ್ಚ್‌ನಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತಾರೆ, ವಿಚಾರಿಸಿ ಹೊರಡಿ. ರಸ್ತೆಬದಿಗೇ ಬರುತ್ತವೆಂದು ಬಿಸ್ಕತ್ತು ನೀಡಬಾರದು. ಕಪ್ಪು ಮೈಯ ಮೇಲೆ ಜೀನು ಹಾಸಿದಂತೆ ಬೆಳ್ಳಿ ಬಣ್ಣದ ಬೆನ್ನು ಕಂಡರೆ ಅದು ವಯಸ್ಸಾದ ಗಂಡು. ಮಳೆಗಾಲದ ಹೊರತು ಹೆಣ್ಣು ಮತ್ತು ಮರಿಗಳ ಹಿಂಡಿನಲ್ಲಿ ಅದು ಸಿಗುವುದು ಅಪರೂಪ; ದೂರದ ಬಂಡೆಗಳ ಮೇಲೆ ಹುಡುಕಲು ಹೇಳಿ.