ರಾಣಿಯ ದಾನ, ಮೇಷ್ಟ್ರ ಲೇಖನ

1865ರ ಫೆಬ್ರುವರಿ. ಸ್ಪೇನ್ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಅರಮನೆಯ ಆಸ್ತಿಯ ದೊಡ್ಡ ಭಾಗವನ್ನು ಮಾರಿ ದೇಶಕ್ಕೆ ಹಣ ಕೊಡುತ್ತೇನೆ ಎಂದರು ರಾಣಿ ಎರಡನೇ ಇಸಾಬೆಲ್. ಸಂಸತ್ತಿನಲ್ಲಿ ಹೊಗಳಿಕೆಯೋ ಹೊಗಳಿಕೆ.

ಫೆಬ್ರುವರಿ 25ಕ್ಕೆ ‘ಲಾ ದೆಮೊಕ್ರಾಸಿಯಾ’ ಪತ್ರಿಕೆಯಲ್ಲಿ ‘ಎಲ್ ರಾಸ್ಗೊ’ ಎಂಬ ಲೇಖನ ಬಂತು. ಆ ಮಾತಿಗೆ ದೊಡ್ಡ ಮನಸ್ಸಿನ ನಡೆ ಎಂಬ ಅರ್ಥವಿದೆ. ಬರೆದವರು ಎಮಿಲಿಯೊ ಕಾಸ್ತೆಲಾರ್, ಮ್ಯಾಡ್ರಿಡ್ ವಿಶ್ವವಿದ್ಯಾಲಯದ 32 ವರ್ಷದ ಇತಿಹಾಸ ಮೇಷ್ಟ್ರು. ಪತ್ರಿಕೆಯೂ ಅವರದೇ. ಅವರು ಲೆಕ್ಕ ಹಾಕಿ ತೋರಿಸಿದರು. ಆಸ್ತಿ ದೇಶದ್ದು. ಮಾರಿದ ಹಣದಲ್ಲಿ ಶೇ 25 ರಾಣಿಗೆ ಹೋಗುತ್ತದೆ, ರೂಪಾಯಿಗೆ ನಾಲ್ಕಾಣೆ. ಹಾಗಾದರೆ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು? ಅತ್ತೆಯ ಒಡವೆ ಅಳಿಯ ದಾನ ಮಾಡಿದ ಅಂತೀವಲ್ಲ, ಅದೇ ಕಥೆ.

ಕಾಸ್ತೆಲಾರ್ ಹುಟ್ಟಿದ್ದು 1832ರಲ್ಲಿ, ಕಾದಿಸ್ ಬಂದರಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ತೀರಿಹೋದರು. ಅಮ್ಮನ ಕಡೆಯವರ ಆಸರೆಯಲ್ಲಿ ಎಲ್ದಾ ಊರಿನಲ್ಲಿ ಬೆಳೆದರು. 1854ರಲ್ಲಿ ಮ್ಯಾಡ್ರಿಡ್‌ನ ಒಂದು ಸಭೆಯಲ್ಲಿ ಮಾಡಿದ ಭಾಷಣ ಅವರನ್ನು ಮನೆಮಾತಾಗಿಸಿತ್ತು.

ಲೇಖನಕ್ಕೆ ಸರ್ಕಾರ ಕೆರಳಿತು. ಮೇಷ್ಟ್ರನ್ನು ಕೆಲಸದಿಂದ ತೆಗೆಯಿರಿ ಎಂದು ವಿಶ್ವವಿದ್ಯಾಲಯದ ಮುಖ್ಯಸ್ಥ ಮೊಂತಾಲ್ಬಾನ್‌ಗೆ ಹೇಳಿತು. ಅವರು ಒಪ್ಪಲಿಲ್ಲ, ಅವರ ಹುದ್ದೆಯೂ ಹೋಯಿತು. ಮೊಂತಾಲ್ಬಾನ್ ಹೆಸರು ಇವತ್ತು ಯಾರಿಗೂ ನೆನಪಿರಲಿಕ್ಕಿಲ್ಲ. ನನಗಂತೂ ಈ ಕಥೆಯಲ್ಲಿ ಅವರ ಮೇಲೆ ಗೌರವ ಜಾಸ್ತಿ. ವಿದ್ಯಾರ್ಥಿಗಳು ಅವರಿಗಾಗಿ ಬೀದಿಯಲ್ಲಿ ಹಾಡಲು ಹೊರಟರು. ಏಪ್ರಿಲ್ 10ರ ರಾತ್ರಿ ಪುಯೆರ್ತಾ ದೆಲ್ ಸೋಲ್ ಚೌಕದ ಸುತ್ತ ಸಿವಿಲ್ ಗಾರ್ಡ್ ಪಡೆ ಗುಂಡು ಹಾರಿಸಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ದಾರಿಹೋಕರೂ ಸಿಕ್ಕಿಬಿದ್ದರು. ಸ್ಪೇನ್ ಇತಿಹಾಸದಲ್ಲಿ ಇದಕ್ಕೆ ‘ಸಂತ ದಾನಿಯೆಲ್ ರಾತ್ರಿ’ ಅಂತ ಹೆಸರು.

ಮರುವರ್ಷ ಜೂನ್‌ನಲ್ಲಿ ರಾಣಿಯ ವಿರುದ್ಧ ನಡೆದ ದಂಗೆ ಸೋತಿತು. ಅದರಲ್ಲಿ ಕೈಜೋಡಿಸಿದ್ದ ಕಾಸ್ತೆಲಾರ್‌ಗೆ ಮರಣದಂಡನೆಯ ತೀರ್ಪು ಬಂತು. ತಪ್ಪಿಸಿಕೊಂಡು ಫ್ರಾನ್ಸ್ ಸೇರಿದರು. 1868ರಲ್ಲಿ ರಾಣಿಯೇ ದೇಶ ಬಿಟ್ಟ ಮೇಲೆ ವಾಪಸ್ ಬಂದರು.

1873ರ ಫೆಬ್ರುವರಿಯಲ್ಲಿ ಗಣರಾಜ್ಯ ಬಂತು. ಒಂದೇ ವರ್ಷದಲ್ಲಿ ನಾಲ್ವರು ಅಧ್ಯಕ್ಷರು. ಮೂರನೆಯವರಾದ ಸಾಲ್ಮೆರೋನ್ ಮರಣದಂಡನೆಗೆ ಸಹಿ ಹಾಕಲಾರೆ ಎಂದು ಇಳಿದರು. ಸೆಪ್ಟೆಂಬರ್ 7ರಂದು, ತಮ್ಮ 41ನೇ ಹುಟ್ಟುಹಬ್ಬದ ದಿನವೇ, ಕಾಸ್ತೆಲಾರ್ ಆ ಕುರ್ಚಿಗೆ ಬಂದರು. ಮರಣದಂಡನೆಯಿಂದ ಪಾರಾಗಿ ಬಂದವರು, ಆ ಶಿಕ್ಷೆಯ ವಿರುದ್ಧ ಮಾತಾಡಿದವರು. ಸೈನ್ಯದಲ್ಲಿ ಶಿಸ್ತು ತರಲು ಅದನ್ನೇ ಮತ್ತೆ ಜಾರಿಗೆ ತಂದರು. ಎರಡು ಕಡೆ ಒಳಯುದ್ಧ ನಡೀತಿತ್ತು ನಿಜ. ಆದರೂ ಇದನ್ನು ಓದುವಾಗ ಸಂಕಟವಾಗುತ್ತದೆ.

1874ರ ಜನವರಿ 3ರ ಬೆಳಗಿನ ಜಾವ ಸಂಸತ್ತಿನಲ್ಲಿ 120-100 ಮತಗಳಿಂದ ಸೋತರು. ಹಿಂದೆಯೇ ಜನರಲ್ ಪಾವಿಯಾ ಅವರ ಸೈನಿಕರು ಒಳಗೆ ನುಗ್ಗಿದರು. ನೀವೇ ಮುಂದುವರಿಯಿರಿ ಎಂದು ಪಾವಿಯಾ ಕೇಳಿಕೊಂಡರು. ಕಾಸ್ತೆಲಾರ್ ಒಪ್ಪಲಿಲ್ಲ.