ಪದ ಪರಿಚಯ: ಕ್ರ್ಯಾಕ್ ಬೇಬಿ

ಕ್ರ್ಯಾಕ್ ಎಂದರೆ ಸೇದುವ ಕೊಕೇನ್. ಬಸಿರಿನಲ್ಲಿ ಅದನ್ನು ಬಳಸಿದ ತಾಯಂದಿರ ಮಕ್ಕಳಿಗೆ 1980ರ ದಶಕದಲ್ಲಿ ಅಮೆರಿಕದ ಪತ್ರಿಕೆ, ಟಿವಿಗಳು ಅಂಟಿಸಿದ ಹೆಸರು ‘ಕ್ರ್ಯಾಕ್ ಬೇಬಿ’. ಇಂಥದ್ದೊಂದು ಕಾಯಿಲೆ ವೈದ್ಯಶಾಸ್ತ್ರದಲ್ಲಿ ಇಲ್ಲ.

1985ರಲ್ಲಿ ಐರಾ ಚಾಸ್ನಾಫ್ ಎಂಬ ವೈದ್ಯರು ಕೊಕೇನ್ ಬಳಸಿದ 23 ಗರ್ಭಿಣಿಯರ ಬಗ್ಗೆ ವರದಿ ಪ್ರಕಟಿಸಿದರು. ಅಷ್ಟು ಪುಟ್ಟ ಅಧ್ಯಯನದ ಮೇಲೆ, ಬುದ್ಧಿ ಬೆಳೆಯದ ಒಂದು ತಲೆಮಾರೇ ಬರುತ್ತಿದೆ ಎಂಬ ಸುದ್ದಿ ಎದ್ದಿತು. ಟಿವಿಯಲ್ಲಿ ತೋರಿಸಿದ ನಡುಕ ದಿನ ತುಂಬದೆ ಹುಟ್ಟಿದ ಯಾವ ಕೂಸಿನಲ್ಲೂ ಕಾಣಬಹುದಾದದ್ದು.

ಫಿಲಡೆಲ್ಫಿಯಾದ ವೈದ್ಯೆ ಹ್ಯಾಲಮ್ ಹರ್ಟ್ ಬಸಿರಿನಲ್ಲೇ ಕೊಕೇನ್ ಸೋಂಕಿದ ಮಕ್ಕಳ ಜತೆಗೆ ಅಂಥದೇ ಬಡ ಮನೆಗಳ, ಕೊಕೇನ್ ಸೋಂಕದ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದರು. ನಾಲ್ಕನೇ ವಯಸ್ಸಿನಲ್ಲಿ ಐಕ್ಯೂ (ಬುದ್ಧಿಮಟ್ಟದ ಅಂಕ) ಸರಾಸರಿ ಮೊದಲ ಗುಂಪಿಗೆ 79, ಎರಡನೆಯದಕ್ಕೆ 81.9. ಸಾಮಾನ್ಯ ಸರಾಸರಿ 100. ಗುಂಪುಗಳ ನಡುವಿನ ಅಂತರ ಲೆಕ್ಕಕ್ಕೆ ಬರುವಷ್ಟಿಲ್ಲ. ಎರಡೂ ಹಿಂದೆ ಬಿದ್ದಿವೆ. ಹರ್ಟ್ ಬೊಟ್ಟು ಮಾಡಿದ್ದು ಬಡತನದತ್ತ.

ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ ಇದನ್ನು ಕಲಿಸುವ ಶಿಕ್ಷಕರಿಗೆ 79, 81.9 ಎಂಬ ಈ ಎರಡು ಅಂಕಿ ಸಾಕು. ಬೋರ್ಡಿನಲ್ಲಿ 79 ಮಾತ್ರ ಬರೆದು, ಅದು ಯಾವ ಮಕ್ಕಳದ್ದೆಂದು ಹೇಳಿ, ತಲೆಬರಹ ಕೊಡಲು ಐದು ನಿಮಿಷ ಬಿಡಿ. ‘ಕೊಕೇನ್ ಕೂಸುಗಳಿಗೆ ಬುದ್ಧಿ ಕಡಿಮೆ’ ಎಂಬಂಥದ್ದೇ ಬರುತ್ತದೆ. ಆಮೇಲೆ ಪಕ್ಕದಲ್ಲಿ 81.9 ಬರೆದು ತಿದ್ದಲು ಹೇಳಿ. ಎರಡನ್ನೂ ಒಟ್ಟಿಗೇ ಬರೆದರೆ ಪಾಠ ಕೆಡುತ್ತದೆ: ತಾವೇ ಒಮ್ಮೆ ತಪ್ಪು ಬರೆಯದೆ, ‘ಯಾರ ಜತೆ ಹೋಲಿಸಿದ್ದು?’ ಎಂಬ ಪ್ರಶ್ನೆ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ.

ಹಾಗೆಂದು ಕೊಕೇನ್ ನಿರಪಾಯವಲ್ಲ. ಕೂಸಿನ ತೂಕ ಕಡಿಮೆಯಾಗುವ, ಬೇಗ ಹೆರಿಗೆಯಾಗುವ ಅಪಾಯ ಇದೆ. ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕಗಳಾದರೆ, ಹುಟ್ಟಿದ ಮೇಲೆ ಅದು ಸಿಗದೆ ಕೂಸು ಒದ್ದಾಡಬಹುದು. ಅದಕ್ಕೆ ಚಿಕಿತ್ಸೆ ಇದೆ. ಆ ಕೂಸನ್ನು ‘ಹುಟ್ಟು ವ್ಯಸನಿ’ ಎನ್ನುವುದು ತಪ್ಪು. ಕೇಡೆಂದು ಗೊತ್ತಿದ್ದೂ ಬಿಡಲಾಗದೆ ಹುಡುಕಿಕೊಂಡು ಹೋಗುವುದು ವ್ಯಸನ. ತೊಟ್ಟಿಲ ಕೂಸಿಗೆ ಅದೆಲ್ಲಿ? ಮದ್ಯದಿಂದ ಭ್ರೂಣಕ್ಕೆ ಆಗುವ ಹಾನಿಯಂತೂ ಜೀವನಪೂರ್ತಿ ಉಳಿಯಬಲ್ಲದು. ಅದಕ್ಕೆ 1973ರಲ್ಲೇ ವೈದ್ಯರು ಹೆಸರಿಟ್ಟಿದ್ದರು.

ಕಾಸರಗೋಡಿನ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: “ಹಾಗಾದರೆ ಎಂಡೋಸಲ್ಫಾನ್ ಕೂಡ ಸುಳ್ಳಾ ಟೀಚರ್?” ಕೊಕೇನಿನ ಉತ್ತರವನ್ನು ಅದಕ್ಕೆ ಹಚ್ಚಬಾರದು. ಎಂಡೋಸಲ್ಫಾನ್ ಬೇರೆಯೇ ವಿಷ, ಇಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ. ಅದರ ಪುರಾವೆಯನ್ನು ಬೇರೆಯಾಗಿಯೇ ನೋಡಬೇಕು. ಪಾಠಕ್ಕೆ ಎಂಡೋಸಲ್ಫಾನ್ ಪೀಡಿತ ಮಕ್ಕಳ ಫೋಟೋ ಮಾತ್ರ ತರಬೇಡಿ. ಅವರ ತಮ್ಮನೋ ತಂಗಿಯೋ ಅದೇ ಬೆಂಚಿನಲ್ಲಿ ಕುಳಿತಿರಬಹುದು.