ಕೊನೆಗಾಲದ ಹಾಸಿಗೆಯ ಬಳಿ ಹಾಡುವುದು: ಕಲಿಯುವವರಿಗೆ ಟಿಪ್ಪಣಿ

ಇಲ್ಲಿ ಲಯ ನಮ್ಮದಲ್ಲ, ಮಲಗಿರುವವರ ಉಸಿರಿನದು. ಸಂಗೀತ ಕಛೇರಿಗಾಗಿ ಕಲಿತ ಬಹುಪಾಲನ್ನು ಬಾಗಿಲ ಹೊರಗೇ ಬಿಡಬೇಕಾಗುವುದು ಇದಕ್ಕೇ.

ಅಮೆರಿಕದಲ್ಲಿ ಥೆರೀಸ್ ಶ್ರೋಡರ್-ಶೀಕರ್ ಹಾರ್ಪ್ ಮತ್ತು ದನಿಯಿಂದ ಈ ಕೆಲಸವನ್ನು ಒಂದು ಶಿಸ್ತಾಗಿ ಬೆಳೆಸಿದರು. ಕೇಟ್ ಮಂಗರ್ 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಗಾಯನ ತಂಡವಾದ ಥ್ರೆಶೋಲ್ಡ್ ಕ್ವಾಯರ್‌ನವರು ಎರಡು ಮೂರು ಮಂದಿ ಕೂತು, ವಾದ್ಯವಿಲ್ಲದೆ ಮೆಲ್ಲಗೆ ಹಾಡುತ್ತಾರೆ. ತಂಬೂರಿಯೂ ತಾಳವಿಲ್ಲದ ಆಲಾಪನೆಯೂ ಮೈಸೂರಿನ ಮನೆಮನೆಗೆ ಗೊತ್ತಿರುವುದರಿಂದ ನಮಗೆ ಅರ್ಧ ದಾರಿ ಸವೆದೇ ಇದೆ.

ಆದರೆ ಒಂದು ತೊಡಕಿದೆ. ಮಂಡ್ಯದ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ಕೂರಿಸುವ ರೂಢಿ ಇದೆ. ಜೀವ ಇರುವಾಗಲೇ ಹಾರ್ಮೋನಿಯಂ, ತಾಳ ಹಿಡಿದು ಒಳಗೆ ಹೋದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಹಿಂದಿನ ದಿನವೇ ಹೋಗಿ ಏನು ಮಾಡುತ್ತೇವೆಂದು ಹೇಳಿ, ಒಪ್ಪಿಗೆ ಪಡೆಯಿರಿ. ಮಲಗಿರುವವರು ಏನು ಹಾಡುತ್ತಿದ್ದರು ಎಂದು ಕೇಳಿ: ಜೋಗುಳವೋ, ಸೋಬಾನೆಯೋ, ನೀಲಗಾರರ ಮಂಟೇಸ್ವಾಮಿ ಪದವೋ. ದೇಹ ಬಿಟ್ಟು ಹೋಗುವ ತತ್ವಪದವನ್ನು ಅವರೇ ಕೇಳದ ಹೊರತು ಎತ್ತಬೇಡಿ.

ಶ್ರುತಿ ಮಾಡುವುದೆಲ್ಲ ಹೊರಗೆ, ಜಗಲಿಯಲ್ಲೇ ಮುಗಿಯಬೇಕು; ಬಿರಡೆ ತಿರುಗಿಸುವ ಕಿರಿಕಿರಿ ಕೋಣೆಯೊಳಗೆ ಬೇಡ. ಆಕ್ಸಿಜನ್ ಕಾನ್ಸಂಟ್ರೇಟರ್ ಓಡುತ್ತಿದ್ದರೆ ಅದರ ಗುಂಯ್ ಸದ್ದನ್ನು ಮೊದಲು ಕೇಳಿಸಿಕೊಳ್ಳಿ. ನಮ್ಮ ವಿದ್ಯುತ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನೆ. ಇಂಥ ಯಂತ್ರಗಳ ಗುಂಯ್‌ನಲ್ಲಿ ಅದರ ಎರಡರಷ್ಟು, 100 ಹರ್ಟ್ಸ್ ಆಸುಪಾಸಿನ ಸ್ವರ ಸಾಮಾನ್ಯ. ಐದನೇ ಮನೆಯ (ಹಾರ್ಮೋನಿಯಂನ ಐದನೇ ಬಿಳಿ ಮನೆಯ) ಶ್ರುತಿಯಲ್ಲಿ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, 98 ಹರ್ಟ್ಸ್. ಈ ಎರಡರ ನಡುವೆ ಸೆಕೆಂಡಿಗೆ ಎರಡು ಸಲ ಅಲುಗುವ ಕಂಪನ ಹುಟ್ಟಿ ಕಿವಿಗೆ ಹಿಂಸೆಯಾಗುತ್ತದೆ. ಐದಕ್ಕಿಂತ ಕೂದಲೆಳೆಯಷ್ಟು ಏರಿಸಿದರೆ ಯಂತ್ರವೇ ಶ್ರುತಿಗೆ ಸೇರಿಕೊಳ್ಳುತ್ತದೆ. ವೀಣೆ ಒಯ್ಯುವವರು ಏಪ್ರಿಲ್ ಬಿಸಿಲಲ್ಲಿ ಮೆಟ್ಟಿಲುಗಳನ್ನು ಹಿಡಿದಿಟ್ಟ ಮೇಣ ಮೆತ್ತಗಾಗಿ ಅವು ಸರಿಯದಂತೆ ನೋಡಿಕೊಳ್ಳಿ. ಊದುಬತ್ತಿ, ಮಲ್ಲಿಗೆ ಬೇಡ, ವಾಂತಿ ಬರಿಸಬಹುದು.

ಹೆಗಲಿನ ಪಕ್ಕ, ಒಂದು ಮೀಟರ್ ದೂರದಲ್ಲಿ, ಅವರ ತಲೆಯ ಮಟ್ಟಕ್ಕೆ ಕೂರಿ. ಬಾಯಿ ತೆರೆಯುವ ಮುನ್ನ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಆರೋಗ್ಯವಂತರದು 12ರಿಂದ 20. ಇವರದು 30 ಇದ್ದರೆ ಆ ವೇಗಕ್ಕೆ ಹಾಡಬೇಡಿ. ಒಂದು ಸಂಗತಿಯನ್ನು (ಸಾಲನ್ನು ಹಾಡುವ ಒಂದು ಬಗೆಯನ್ನು) ಮೂರು ನಾಲ್ಕು ಉಸಿರಿಗೆ ಹರಡಿ, ಸ್ವರ ಇಳಿಯುವುದು ಉಸಿರು ಬಿಡುವಾಗಲೇ ಆಗಲಿ. ನೀಲಾಂಬರಿ ರಾಗ ಒಳ್ಳೆಯದು, ಗಮಕ (ಸ್ವರವನ್ನು ಓಲಾಡಿಸುವುದು) ಕಡಿಮೆ ಇರಲಿ. ಹತ್ತು ನಿಮಿಷದ ಮೇಲೆ ಒಂಚೂರು ನಿಧಾನಿಸಿ. ಉಸಿರು ಹಿಂಬಾಲಿಸದಿದ್ದರೆ ಎಳೆಯಬೇಡಿ, ಅದರ ಜೊತೆಗೇ ಇರಿ.

ಕೊನೆಯ ದಿನಗಳಲ್ಲಿ ಉಸಿರು ಏರಿ, ಇಳಿದು, ಕೆಲವು ಸೆಕೆಂಡು ನಿಂತೇಬಿಡುತ್ತದೆ, ಮತ್ತೆ ಶುರುವಾಗುತ್ತದೆ. ಚೇಯ್ನ್-ಸ್ಟೋಕ್ಸ್ ಉಸಿರಾಟವೆಂದರೆ ಇದೇ. ಹೊಸಬರು ಎಡವುವುದು ಇಲ್ಲೇ: ನಿಂತ ಜಾಗವನ್ನು ದನಿಯಿಂದ ತುಂಬಲು ಹೋಗುತ್ತಾರೆ. ತುಂಬಬೇಡಿ. ತಂಬೂರಿ ಸಾಕು. ಗಂಟಲಿನ ಗೊರಗೊರ ಸದ್ದನ್ನು ಮುಚ್ಚಲೆಂದು ದನಿ ಏರಿಸುವುದೂ ತಪ್ಪು. ಈ ಹಂತದಲ್ಲಿ ಪರಿಚಿತ ಹಾಡಿಗಿಂತ ಮಾತಿಲ್ಲದ ಆಲಾಪನೆ ಮೇಲು. ಪರಿಚಿತ ಹಾಡು ನೆನಪುಗಳನ್ನು ಎಬ್ಬಿಸಿ ಹಿಡಿದಿಡುತ್ತದೆ ಎಂಬ ವಾದ ನಮಗೆ ಸರಿಯೆನಿಸುತ್ತದೆ.

ಪ್ರತಿಕ್ರಿಯೆ ಇಲ್ಲವೆಂದು ಕೇಳಿಸುತ್ತಿಲ್ಲ ಎಂದುಕೊಳ್ಳಬಾರದು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಅಧ್ಯಯನದಲ್ಲಿ, ಪ್ರತಿಕ್ರಿಯಿಸದ ಸ್ಥಿತಿಯ ಕೆಲವು ರೋಗಿಗಳ ಮಿದುಳು ಸ್ವರ ಬದಲಾವಣೆಯನ್ನು ಗುರುತಿಸಿತ್ತು. ಹಾಗಾಗಿ ಪಕ್ಕದಲ್ಲಿ ಆಸ್ತಿಯ ಮಾತು ಬೇಡವೆಂದು ಮನೆಯವರಿಗೂ ಹೇಳಿ.

ಹುಬ್ಬು ಗಂಟಿಕ್ಕಿದರೆ, ಮುಖ ಹೊರಳಿಸಿದರೆ, ಮುಷ್ಟಿ ಬಿಗಿದರೆ ನಿಲ್ಲಿಸಿ. ಅದು ನೋವೂ ಇರಬಹುದು, ನರ್ಸಿಗೆ ತಿಳಿಸಿ. ಯಾವ ರಾಗವೂ ಮಾರ್ಫಿನ್‌ಗೆ ಬದಲಿಯಲ್ಲ. 20ರಿಂದ 40 ನಿಮಿಷ ಸಾಕು. ಹೊರಡುವಾಗ ಮೊದಲಿನ ಮತ್ತು ಕೊನೆಯ ಉಸಿರಿನ ಎಣಿಕೆ, ಶ್ರುತಿ, ಹಾಡಿದ್ದು, ಕೊನೆಯ ನೋವಿನ ಮಾತ್ರೆಯ ಹೊತ್ತು ಇಷ್ಟನ್ನೂ ಬರೆದಿಡಿ. ನಾಳೆ ಬೇರೆಯವರು ಬಂದರೂ ಅಲ್ಲಿಂದಲೇ ಮುಂದುವರಿಸಬಹುದು.